ಅತಿಸೂಕ್ಷ್ಮ ನಿರ್ಮಾಣದ ಎರಡು ಮಾರ್ಗಗಳು

ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ತಲೆಗೂದಲೊಂದರ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಮಾನದ ಕಿರಿದುತನವು ವಾಚಕರ ಊಹೆಗೆ ನಿಲುಕೀತು. ಕೆಲವೇ ನ್ಯಾನೋಮೀಟರ್ ಅಳತೆಯ ವಸ್ತುಗಳನ್ನು ಮನುಷ್ಯನು ರಚಿಸುವುದೆಂತು? ಇದಕ್ಕೆ ವಿಜ್ಞಾನಿಗಳು ಹಿಡಿದಿರುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಶಿಲ್ಪಿಯ ಮಾರ್ಗ. ದೊಡ್ಡದನ್ನು ಕೆತ್ತಿ ಕಿರಿದನ್ನು ಪಡೆಯುವುದು. ಎರಡನೆಯದು ಕಲ್ಲುಸಕ್ಕರೆಯ ಮಾರ್ಗ. ಪಾಕದಲ್ಲಿ ಇಳಿಬಿಟ್ಟ ದಾರದ ಸುತ್ತ ಹರಳು ತಾನೇ ಬೆಳೆಯುವಂತೆ, ಕಣಕ್ಕೆ ಕಣ ಕೂಡಿ ವಸ್ತುವು ರೂಪುಗೊಳ್ಳುವುದು.

ಗಣಕಯಂತ್ರದ ಚಿಪ್‌ಗಳು ಬಹುಮಟ್ಟಿಗೆ ಶಿಲ್ಪಿಯ ಮಾರ್ಗದಲ್ಲಿ ಹುಟ್ಟಿದವು. ಬೆಳಕು ತಾಗಿದರೆ ಗುಣ ಬದಲಿಸುವ ಲೇಪವೊಂದನ್ನು ಸಿಲಿಕಾನ್ ಬಿಲ್ಲೆಗೆ ಬಳಿದು, ಅದರ ಮೇಲೆ ನಕ್ಷೆಯ ಬಿಂಬವನ್ನು ಬೀಳಿಸುತ್ತಾರೆ. ಬಳಿಕ ಲೇಪದ ಬೇಡದ ಭಾಗವನ್ನು ತೊಳೆದು, ತೆರೆದ ಸ್ಥಳವನ್ನು ಕೊರೆಯುತ್ತಾರೆ. ಇಲ್ಲಿ ಬೆಳಕೇ ಉಳಿ. ಅದರ ಅಲೆ ಉದ್ದವಾದಷ್ಟೂ ಗೆರೆ ಒರಟು. ಆದಕಾರಣ 193 ನ್ಯಾನೋಮೀಟರಿನ ಬೆಳಕಿನಿಂದ 13.5 ನ್ಯಾನೋಮೀಟರಿನ ಬೆಳಕಿಗೆ ಇಳಿಯಬೇಕಾಯಿತು. ಈ ಬೆಳಕನ್ನಾದರೋ ಗಾಜೂ ಗಾಳಿಯೂ ಹೀರಿಬಿಡುತ್ತವೆ; ಮಸೂರದ ಬದಲು ಕನ್ನಡಿಗಳನ್ನು ನಿರ್ವಾತದಲ್ಲಿ ಹೂಡಬೇಕು. ಅಂಥ ಯಂತ್ರವನ್ನು ಮಾರಾಟಕ್ಕೆ ತಯಾರಿಸುತ್ತಿರುವುದು ನೆದರ್ಲೆಂಡ್ಸಿನ ಎ.ಎಸ್.ಎಂ.ಎಲ್. ಸಂಸ್ಥೆಯೊಂದೇ. ಸೂಕ್ಷ್ಮತೆ ಹೆಚ್ಚಿದಂತೆ ವೆಚ್ಚವೂ ಪರಾವಲಂಬನೆಯೂ ಹೆಚ್ಚುವುದೇ ಈ ಮಾರ್ಗದ ತೊಡಕು.

ಎರಡನೆಯ ಮಾರ್ಗಕ್ಕೆ ಹಳೆಯ ಚರಿತ್ರೆಯುಂಟು. 1857ರಲ್ಲಿ ಮೈಕೇಲ್ ಫ್ಯಾರಡೆಯು ಚಿನ್ನದ ಲವಣದ ದ್ರಾವಣದಿಂದ ಮಾಣಿಕ್ಯವರ್ಣದ ದ್ರವವನ್ನು ಪಡೆದು, ಆ ಬಣ್ಣಕ್ಕೆ ಚಿನ್ನದ ಅತಿಸೂಕ್ಷ್ಮ ಕಣಗಳೇ ಕಾರಣವೆಂದು ವಿವರಿಸಿದನು. ಇಲ್ಲಿ ಕಣಗಳು ತಾವಾಗಿಯೇ ಅಸಂಖ್ಯವಾಗಿ ಬೆಳೆಯುತ್ತವೆ. ಆದರೆ ಯಾವ ಕಣ ಎಲ್ಲಿ ನಿಲ್ಲಬೇಕೆಂಬ ಅಂಕೆ ನಮ್ಮದಲ್ಲ. ಐ.ಬಿ.ಎಂ. ಸಂಸ್ಥೆಯ ಡಾನ್ ಐಗ್ಲರ್ ಅವರು 1989ರಲ್ಲಿ, ಅತಿಶೀತದಲ್ಲಿ, 35 ಕ್ಸೆನಾನ್ ಪರಮಾಣುಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಸರಿಸಿ, ಸಂಸ್ಥೆಯ ಮೂರಕ್ಷರಗಳನ್ನು ಬರೆದು ಆ ಅಂಕೆಯನ್ನು ಸಾಧಿಸಿದರು. ಆದರೆ ಸೆಕೆಂಡಿಗೊಂದು ಪರಮಾಣುವಿನಂತೆ ಜೋಡಿಸಿದರೆ, ಒಂದು ಗ್ರಾಂ ಚಿನ್ನ ಕೂಡಲು ಸುಮಾರು ಒಂದು ಕೋಟಿ ಕೋಟಿ ವರ್ಷಗಳು ಬೇಕಾದಾವು!

ಹೀಗೆ ಕೆತ್ತನೆಗೆ ಅಂಕೆಯುಂಟು, ಅಗ್ಗವಿಲ್ಲ. ಬೆಳೆಸುವುದಕ್ಕೆ ಅಗ್ಗವುಂಟು, ಅಂಕೆಯಿಲ್ಲ. ಆದಕಾರಣ ಇಂದಿನ ಚಿಪ್‌ಗಳಲ್ಲಿ ಎರಡೂ ಕೂಡುತ್ತಿವೆ. ಕೆತ್ತಿದ ರಚನೆಯ ಮೇಲೆ ಎರಡು ಬಗೆಯ ಆವಿಗಳನ್ನು ಸರದಿಯಂತೆ ಹಾಯಿಸಿದರೆ, ಪ್ರತಿ ಸರದಿಗೂ ಅತಿತೆಳುವಾದ ಪದರವೊಂದು ಕೂಡುತ್ತದೆ. ಮೇಲ್ಮೈಯಲ್ಲಿ ಹಿಡಿಯುವಷ್ಟು ಹಿಡಿದೊಡನೆ ಕ್ರಿಯೆಯು ತಾನೇ ನಿಲ್ಲುವುದರಿಂದ, ಸರದಿಗಳನ್ನು ಎಣಿಸಿದರೆ ದಪ್ಪವನ್ನು ಅಳೆದಂತೆಯೇ ಸರಿ. ಕೆತ್ತುವ ಉಳಿಯು ದುಬಾರಿಯಾಗುತ್ತಿರುವ ಈ ಕಾಲದಲ್ಲಿ, ವಸ್ತುವಿನ ಸ್ವಭಾವದಿಂದಲೇ ಎಷ್ಟು ಕೆಲಸವನ್ನು ಮಾಡಿಸಬಹುದೆಂಬುದು ಈ ಶಾಸ್ತ್ರದ ಮುಂದಿರುವ ದೊಡ್ಡ ಪ್ರಶ್ನೆ.