ಉಡುಪಿ: ಒಂದು ಚುನಾವಣಾ ಕ್ಷೇತ್ರದ ಚರಿತ್ರೆ

ಕ್ಷೇತ್ರವೆಂಬ ಮಾತಿಗೆ ಉಡುಪಿಯಲ್ಲಿ ಮೊದಲು ಹೊಳೆಯುವ ಅರ್ಥವು ಶ್ರೀಕೃಷ್ಣನ ಸನ್ನಿಧಿಯೇ ಹೊರತು ಮತಪೆಟ್ಟಿಗೆಯಲ್ಲ. ಅಲ್ಲಿ ಎಂಟು ಮಠಗಳು ಎರಡೆರಡು ವರ್ಷಗಳ ಪರ್ಯಾಯದಂತೆ ಪೂಜೆಯ ಅಧಿಕಾರವನ್ನು ವಹಿಸಿಕೊಳ್ಳುತ್ತವೆ. ಯಾರ ಸರದಿ ಎಂದು ಬರುವುದೆಂಬುದನ್ನು ಮಕ್ಕಳೂ ಬೆರಳೆಣಿಸಿ ಹೇಳಬಲ್ಲರು. ಈ ಹೊತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಕ್ಷೇತ್ರವನ್ನು ಕುರಿತು. ಇದರ ಅಧಿಕಾರವೂ ಕೈಯಿಂದ ಕೈಗೆ ಹೋಗತಕ್ಕದ್ದೇ. ಆದರೆ ಇಲ್ಲಿ ಸರದಿ ಗೊತ್ತಿಲ್ಲ, ಎಲ್ಲೆಯೂ ಸ್ಥಿರವಲ್ಲ. ಗೆದ್ದವರ ಸೋತವರ ಕಥೆಯನ್ನು ವೃತ್ತಪತ್ರಿಕೆಗಳು ಬೇಕಾದಷ್ಟು ಹೇಳಿವೆ. ಎಲ್ಲೆಯ ಕಥೆಯನ್ನು ಕೇಳಿದವರು ಕಡಮೆ. ಉಡುಪಿಯ ಪಾಲಿಗೆ ಪರಿಣಾಮ ಹೆಚ್ಚಿನದು ಅದೇ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕನ್ನಡ ಜಿಲ್ಲೆಯು ಕಂಪೆನಿಯವರ ವಶವಾಯಿತು. ಅದರ ದಕ್ಷಿಣಭಾಗ ಮದರಾಸು ಆಧಿಪತ್ಯದಲ್ಲಿಯೇ ಉಳಿಯಿತು. ಮೈಸೂರಿನವರು 1881ರಿಂದ ಪ್ರಜಾಪ್ರತಿನಿಧಿ ಸಭೆಯನ್ನು ಕಾಣುತ್ತಿದ್ದರೆ, ಘಟ್ಟದ ಕೆಳಗಿನ ಕನ್ನಡಿಗರೂ ತುಳುವರೂ ತಮ್ಮ ಅಹವಾಲನ್ನು ದೂರದ ಮದರಾಸಿಗೆ ಒಯ್ಯಬೇಕಾಗಿತ್ತು. 1935ರ ಶಾಸನದಂತೆ 1937ರಲ್ಲಿ ಪ್ರಾಂತದ ಶಾಸನಸಭೆಗೆ ಚುನಾವಣೆ ನಡೆದಾಗ ಸ್ವತ್ತು, ತೆರಿಗೆ, ವಿದ್ಯೆ ಇವುಗಳಲ್ಲಿ ಯಾವುದಾದರೊಂದು ಆಧಾರವಿಲ್ಲದವನಿಗೆ ಮತವಿರಲಿಲ್ಲ. ಚಾಲಗೇಣಿಯ ಒಕ್ಕಲಿಗೂ ಮಲ್ಪೆಯ ಮೀನುಗಾರನಿಗೂ ಧಣಿಗಳಿಗೆ ಸಮನಾದ ಮತ ದೊರೆತದ್ದು 1951–52ರ ಮೊದಲ ಮಹಾಚುನಾವಣೆಯಲ್ಲಿ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಓದು ಬಾರದವರೂ ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರುತ್ತಿದ್ದರು. ಆ ಮತದಾನವೂ ಮದರಾಸು ರಾಜ್ಯಕ್ಕೆ ಸೇರಿದ್ದು. 1956ನೆಯ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯದಲ್ಲಿ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು.

ಉಡುಪಿಯು ಒಂದೇ ಪಕ್ಷಕ್ಕೆ ಅಂಟಿಕೊಂಡ ಊರೆಂದು ದೂರದವರು ತಿಳಿಯುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. 1967ರಲ್ಲಿ ಲೋಕಸಭೆಗೆ ಈ ಪ್ರದೇಶವು ಸ್ವತಂತ್ರ ಪಕ್ಷದ ಲೋಬೋ ಪ್ರಭು ಅವರನ್ನು ಕಳುಹಿಸಿತು. ಮರುವರ್ಷವೇ ಪುರಸಭೆಯು ಜನಸಂಘದ ಕೈಗೆ ಬಂದು, ವೈದ್ಯರಾದ ವಿ. ಎಸ್. ಆಚಾರ್ಯರು ಅದರ ಅಧ್ಯಕ್ಷರಾದರು. ಹಾಗಿದ್ದರೂ 1972ರಲ್ಲಿಯೂ 1978ರಲ್ಲಿಯೂ ವಿಧಾನಸಭೆಗೆ ಆರಿಸಿ ಬಂದವರು ಕಾಂಗ್ರೆಸ್ಸಿನ ಮನೋರಮಾ ಮಧ್ವರಾಜರು. ಆ ನಡುವೆಯೇ ಭೂಸುಧಾರಣೆಯ ಕಾನೂನು ಬಂದು, 1974ನೆಯ ಮಾರ್ಚ್ 1ರಿಂದ ಗೇಣಿಯ ಭೂಮಿಯು ಸರ್ಕಾರದಲ್ಲಿ ನಿಹಿತವಾಗಿ ಉಳುವವನಿಗೆ ಸಲ್ಲುವ ದಾರಿಯಾಯಿತು. ಮೂಲಗೇಣಿ, ಚಾಲಗೇಣಿಗಳೇ ಬದುಕಿನ ಕಟ್ಟಾಗಿದ್ದ ಕರಾವಳಿಯಲ್ಲಿ ಇದರ ಪ್ರಭಾವ ಎಷ್ಟಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. 1983ರಲ್ಲಿ ಆಚಾರ್ಯರು ಗೆದ್ದರು. ಆ ವರ್ಷ ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷ ಪಡೆದ ಹದಿನೆಂಟು ಸ್ಥಾನಗಳಲ್ಲಿ ಉಡುಪಿಯೂ ಒಂದು. ಎರಡೇ ವರ್ಷಗಳಲ್ಲಿ ಪುನಃ ಮನೋರಮಾ ಅವರು. 1994ರಲ್ಲಿ ಬಂಗಾರಪ್ಪನವರ ಪಕ್ಷದಿಂದ ಯು. ಆರ್. ಸಭಾಪತಿ, 2004ರಲ್ಲಿ ರಘುಪತಿ ಭಟ್ಟರು, 2013ರಲ್ಲಿ ಪ್ರಮೋದ್ ಮಧ್ವರಾಜ್, 2023ರಲ್ಲಿ ಯಶಪಾಲ್ ಸುವರ್ಣ. ನೆರೆಯ ಕಾರ್ಕಳದ ರೀತಿಯೇ ಬೇರೆ: ಅಲ್ಲಿ ವೀರಪ್ಪ ಮೊಯಿಲಿಯವರು 1972ರಿಂದ ಎರಡು ದಶಕಗಳಿಗೂ ಮಿಕ್ಕು ಒಂದೇ ಸಮನೆ ಗೆದ್ದುಬಂದು, 1992ರಲ್ಲಿ ಮುಖ್ಯಮಂತ್ರಿಗಳೂ ಆದರು.

ಇನ್ನು ಎಲ್ಲೆಯ ವಿಚಾರ. 2004ರ ಚುನಾವಣೆಯವರೆಗೆ ಈ ಭಾಗದಲ್ಲಿ ಆರು ಕ್ಷೇತ್ರಗಳಿದ್ದವು: ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾಪು, ಕಾರ್ಕಳ. 1971ರ ಜನಗಣತಿಯನ್ನು ಆಧರಿಸಿ ಗೆರೆ ಎಳೆದಿದ್ದರು. 1976ರ ಸಂವಿಧಾನ ತಿದ್ದುಪಡಿಯು ಆ ಗೆರೆಗಳನ್ನು ಕಾಲು ಶತಮಾನ ಮುಟ್ಟಗೊಡಲಿಲ್ಲ. ಕುಟುಂಬಯೋಜನೆಯನ್ನು ಪಾಲಿಸಿದ ಪ್ರದೇಶವು ಅದಕ್ಕಾಗಿ ಪ್ರಾತಿನಿಧ್ಯವನ್ನು ಕಳೆದುಕೊಳ್ಳಬಾರದೆಂಬುದು ಆಗಿನ ಆಶಯ. ಮುಂದೆ ಈ ರಕ್ಷಣೆಯು ರಾಜ್ಯ ರಾಜ್ಯಗಳ ನಡುವೆ ಮಾತ್ರ ಉಳಿಯಿತು. ಒಂದು ರಾಜ್ಯದ ಒಳಗೆ ಹೊಸ ಗಣತಿಯಂತೆ ಗೆರೆಗಳನ್ನು ತಿರುಗಿ ಎಳೆಯಬೇಕೆಂದು ಗೊತ್ತಾಗಿ, 2002ರ ಕಾನೂನಿನಂತೆ ನೇಮಕವಾದ ಆಯೋಗವು ಆ ಕೆಲಸವನ್ನು ಪೂರೈಸಿತು.

ಲೆಕ್ಕ ಕಠಿಣವಾದುದಲ್ಲ. 2001ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ, ಸ್ಥಾನಗಳು 224. ಸರಾಸರಿ ಒಂದು ಕ್ಷೇತ್ರಕ್ಕೆ 2 ಲಕ್ಷ 36 ಸಾವಿರ ಜನ. ಉಡುಪಿ ಜಿಲ್ಲೆಯ ಜನಸಂಖ್ಯೆ 11 ಲಕ್ಷ 12 ಸಾವಿರ. ಭಾಗಿಸಿದರೆ ಬರುವುದು ಐದಕ್ಕಿಂತ ತುಸು ಕಡಮೆ. ಆರು ಎಲ್ಲಿಂದ ಬರಬೇಕು? ಬ್ರಹ್ಮಾವರ ಕ್ಷೇತ್ರ ಅಳಿಯಿತು. ಸೀತಾನದಿಯ ಉತ್ತರಕ್ಕಿರುವ ಸಾಲಿಗ್ರಾಮ, ಕೋಟ ಕುಂದಾಪುರಕ್ಕೆ ಹೋದವು. ಬ್ರಹ್ಮಾವರದ ಪೇಟೆ ಉಡುಪಿಗೆ ಸೇರಿತು. ಜಯಪ್ರಕಾಶ ಹೆಗ್ಡೆಯವರು, ಅದರಲ್ಲಿಯೂ ಎರಡು ಬಾರಿ ಪಕ್ಷವಿಲ್ಲದೆ, ಮೂರು ಸಲ ಗೆದ್ದ ನೆಲವು ಮತದಾರನ ತೀರ್ಪಿನಿಂದಲ್ಲ, ಭಾಗಾಕಾರದಿಂದ ಇಲ್ಲವಾಯಿತು. ನೆರೆಯ ದಕ್ಷಿಣ ಕನ್ನಡದಲ್ಲಿ ವಿಟ್ಲಕ್ಕೂ ಇದೇ ಗತಿ. ಅತ್ತ ಬೆಂಗಳೂರು ಮಹಾನಗರದ ಸ್ಥಾನಗಳು ಇಪ್ಪತ್ತೆಂಟಕ್ಕೆ ಏರಿದವು. 2008ರ ಮೇ ತಿಂಗಳಲ್ಲಿ ಈ ಹೊಸ ಗೆರೆಗಳಂತೆ ಮೊದಲ ಚುನಾವಣೆ ನಡೆಯಿತು. ಉಡುಪಿಯ ಹೆಸರಿನ ಲೋಕಸಭಾ ಕ್ಷೇತ್ರವೂ ಘಟ್ಟವನ್ನು ಹತ್ತಿ ಚಿಕ್ಕಮಗಳೂರಿನೊಡನೆ ಕೂಡಿಕೊಂಡಿತು. ಶೃಂಗೇರಿ ತರೀಕೆರೆಗಳ ಮತದಾರನಿಗೂ ಮಲ್ಪೆಯ ಮತದಾರನಿಗೂ ಒಬ್ಬನೇ ಪ್ರತಿನಿಧಿ; ಒಬ್ಬನ ಚಿಂತೆ ಅಡಕೆ ಕಾಫಿ, ಇನ್ನೊಬ್ಬನದು ಬಲೆ ದೋಣಿ.

ಜಿಲ್ಲೆಯ ಜನ ಬೆಳೆಯದೇ ಹೋದರೆ? ಹಾಗಲ್ಲ, ಬೆಳೆದರು, ಹೊರಗೆ ಹೋದರು. ಎರಡು ದೊಡ್ಡ ಬ್ಯಾಂಕುಗಳಿಗೆ ಜನ್ಮಕೊಟ್ಟ ಊರು ಇದು: ಒಂದು 1906ರಲ್ಲಿ, ಇನ್ನೊಂದು 1925ರಲ್ಲಿ. ಮುಂಬಯಿಯ ಹೋಟೆಲುಗಳಲ್ಲಿ, ಅನಂತರ ಕೊಲ್ಲಿಯ ದೇಶಗಳಲ್ಲಿ ಇಲ್ಲಿಯ ಮಕ್ಕಳು ದುಡಿದರು. 2011ರ ಗಣತಿಯಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಗಂಡುಮಕ್ಕಳು ಎಲ್ಲಿರುವರೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಗಣತಿಯವನು ಮನೆಯಲ್ಲಿರುವವರನ್ನು ಎಣಿಸುತ್ತಾನೆ. ತಿಂಗಳು ತಿಂಗಳು ಹಣ ಕಳುಹಿಸುವವರನ್ನು ಎಣಿಸುವುದಿಲ್ಲ. ಮತದಾರರ ಪಟ್ಟಿಯೂ ಸಾಮಾನ್ಯವಾಗಿ ವಾಸವಾಗಿರುವವರದೇ. ಪರದೇಶದಲ್ಲಿರುವ ಭಾರತೀಯರು ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದೆಂದು 2010ರಲ್ಲಿ ಕಾನೂನಾದರೂ, ಮತ ಹಾಕಲು ಅವರು ಊರಿಗೇ ಬರಬೇಕು. ಮಣಿಪಾಲದ ವಿದ್ಯಾಲಯಗಳಿಗೆ ಬಂದು ಸೇರುವ ಸಾವಿರಾರು ಹೊರನಾಡಿನ ತರುಣರಲ್ಲಿ ಓದು ಮುಗಿದ ಮೇಲೆ ಇಲ್ಲಿಯೇ ನೆಲೆಸುವವರಾದರೂ ಎಷ್ಟು ಮಂದಿ?

2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಏರಿತು; ಉಡುಪಿ ಜಿಲ್ಲೆಯದು ಆರನ್ನೂ ಮುಟ್ಟಲಿಲ್ಲ. 2011ರ ಅಂಕಗಳಿಂದ ಅದೇ ಭಾಗಾಕಾರವನ್ನು ಮಾಡಿದರೆ ಜಿಲ್ಲೆಯ ಪಾಲು ನಾಲ್ಕೂ ಕಾಲಿನ ಆಸುಪಾಸಿಗೆ ಇಳಿಯುತ್ತದೆ. ರಾಜ್ಯದ ಒಟ್ಟು ಸ್ಥಾನಗಳು ಹೆಚ್ಚಿದರೆ ಈ ಲೆಕ್ಕ ಬೇರೆಯಾದೀತು. 224ರಲ್ಲಿಯೇ ನಿಂತರೆ ಇನ್ನೊಂದು ಹೆಸರು ಪಟ್ಟಿಯಿಂದ ಹೋಗುವ ಸಂಭವವಿದೆ. ಈಗಿನ ಗೆರೆಗಳು 2026ರ ಅನಂತರದ ಮೊದಲ ಗಣತಿಯವರೆಗೆ ಮಾತ್ರ ಬಾಳತಕ್ಕವು. ಹೋಗುವುದು ಯಾವ ಹೆಸರು? ಕಾಪುವೇ, ಬೈಂದೂರೇ? ಉಡುಪಿಯ ಅಂಗಡಿಗಟ್ಟೆಗಳಲ್ಲಿ ಅಭ್ಯರ್ಥಿಗಳ ಜಾತಿಯನ್ನೂ ಜಾತಕವನ್ನೂ ಅಷ್ಟು ಬಿಡಿಸಿ ಚರ್ಚಿಸುವವರು ಈ ಪ್ರಶ್ನೆಯನ್ನು ಎತ್ತುವುದು ಅಪೂರ್ವವೆಂದು ನನ್ನ ಅನಿಸಿಕೆ.

ಕಾಪು ಬಹುಕಾಲ ತಾಲ್ಲೂಕಾಗದೆಯೇ ಕ್ಷೇತ್ರವಾಗಿತ್ತು; 2018ರಲ್ಲಿ ತಾಲ್ಲೂಕೂ ಆಯಿತು. ಆಗಲೇ ಬ್ರಹ್ಮಾವರಕ್ಕೂ ತಾಲ್ಲೂಕಿನ ಪದವಿ ದೊರೆಯಿತು. ಅಲ್ಲಿ ಈಗ ತಹಶೀಲ್ದಾರರ ಕಚೇರಿಯಿದೆ. ಆ ಹೆಸರಿನ ಶಾಸಕನಿಲ್ಲ.