ವೆಬ್ ಸಮ್ಮೇಳನದಿಂದ ನಾನು ತಂದದ್ದು

ಕಳೆದ ತಿಂಗಳ ಒಂದು ಭಾನುವಾರ ಮಂಗಳೂರಿನಲ್ಲಿ ನಡೆದ ವೆಬ್ ವಿನ್ಯಾಸ ಮತ್ತು ಅಭಿವೃದ್ಧಿ ಸಮ್ಮೇಳನಕ್ಕೆ ನಾವು ಐವರು ವಿದ್ಯಾರ್ಥಿಗಳು ಗಣಕ ವಿಜ್ಞಾನದ ಉಪನ್ಯಾಸಕರ ಜೊತೆ ಹೋಗಿದ್ದೆವು. ಸಮ್ಮೇಳನ ಅಂದರೆ ವೇದಿಕೆ, ಹಾರ, ಸ್ವಾಗತ ಭಾಷಣ ಎಂದುಕೊಂಡಿದ್ದೆ. ಅದೇನೂ ಇರಲಿಲ್ಲ. ಒಂದು ಸಭಾಂಗಣ, ಒಂದು ಪರದೆ, ನೂರರಷ್ಟು ಜನ, ಬಹುತೇಕರ ತೊಡೆಯ ಮೇಲೆ ಲ್ಯಾಪ್‌ಟಾಪ್. ಇದೇ ಊರಿನಲ್ಲಿ ವೆಬ್‌ಸೈಟ್ ಮಾಡಿ ಬದುಕುವವರು ತಾವು ಕಲಿತದ್ದನ್ನೂ ಕೆಡಿಸಿದ್ದನ್ನೂ ಉಳಿದವರಿಗೆ ಹೇಳುವ ಕೂಟ ಅದು. ಒಬ್ಬೊಬ್ಬರಿಗೆ ಅರ್ಧ ಗಂಟೆ, ಆಮೇಲೆ ಪ್ರಶ್ನೆಗಳು.

ನಿಜ ಹೇಳುವುದಾದರೆ ಅರ್ಧದಷ್ಟು ಮಾತು ನನ್ನ ತಲೆಯ ಮೇಲಿಂದ ಹೋಯಿತು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಇಂಜಿನಿಯರ್ ತನಗೂ ಹಾಗೇ ಆಗುತ್ತಿದೆ ಎಂದಾಗ ಸ್ವಲ್ಪ ಧೈರ್ಯ ಬಂತು.

ಅರ್ಥವಾದ ಮೊದಲ ಮಾತು ಮೊಬೈಲ್ ಪರದೆಯ ಬಗ್ಗೆ. ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ವೆಬ್‌ನ ಯೋಜನೆ ಬರೆದರು. 1991ರಲ್ಲಿ ಅದು ಹೊರಗಿನವರಿಗೂ ತೆರೆಯಿತು. ಆ ಮೊದಲ ಜಾಲತಾಣವನ್ನು ಇಂದಿಗೂ ನೋಡಬಹುದು. ಬರೀ ಅಕ್ಷರ, ನಡುವೆ ಕೊಂಡಿಗಳು. ಬ್ರೌಸರ್ ಕಿಟಕಿಯನ್ನು ಕಿರಿದು ಮಾಡಿದರೆ ಸಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಅಂದರೆ ವೆಬ್ ಪುಟ ಹುಟ್ಟಿನಿಂದಲೇ ಯಾವ ಪಾತ್ರೆಗೆ ಹಾಕಿದರೂ ಅದರ ಆಕಾರ ತಳೆಯುವ ನೀರಿನಂತಹದು. ಆಮೇಲೆ ನಾವೇ ಅದಕ್ಕೆ ಇಷ್ಟೇ ಪಿಕ್ಸೆಲ್ ಅಗಲ ಎಂದು ಕಟ್ಟೆ ಕಟ್ಟಿದೆವು. ಎಲ್ಲ ಪರದೆಗೂ ಹೊಂದುವ ವಿನ್ಯಾಸಕ್ಕೆ ‘ರೆಸ್ಪಾನ್ಸಿವ್’ ಎಂಬ ಹೆಸರು ಕೊಟ್ಟು ಈಥನ್ ಮಾರ್ಕಾಟ್ ಲೇಖನ ಬರೆದದ್ದು 2010ರಲ್ಲಿ. ಪುಟದ ತಲೆಭಾಗದಲ್ಲಿ ವ್ಯೂಪೋರ್ಟ್ ಎಂಬ ಒಂದು ಸಾಲು ಹಾಕದಿದ್ದರೆ ಮೊಬೈಲ್ ಬ್ರೌಸರ್ ಸಾಮಾನ್ಯವಾಗಿ ಪುಟವನ್ನು 980 ಪಿಕ್ಸೆಲ್ ಅಗಲವೆಂದು ಭಾವಿಸಿ ಕುಗ್ಗಿಸಿ ತೋರಿಸುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಬೇಕಾಗುವುದು ಅದಕ್ಕೇ.

ಊಟದ ನಂತರದ ಮೊದಲ ಮಾತಿಗೆ ಬಂದವರು ಪ್ರೊಜೆಕ್ಟರನ್ನೇ ಆಫ್ ಮಾಡಿಸಿದರು. ನಿದ್ದೆ ಬರಿಸುವ ಉಪಾಯವೇನೋ ಎಂದು ನಾವು ನಕ್ಕೆವು. ಅವರು ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ ಮೈಕಿಗೆ ಹಿಡಿದರು. ಕಣ್ಣು ಕಾಣದವರಿಗಾಗಿ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅದು. ಆಂಡ್ರಾಯ್ಡ್ ಫೋನುಗಳಲ್ಲಿ ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಒಂದು ಅಂಗಡಿಯ ಪುಟವನ್ನು ಅದು ಓದತೊಡಗಿತು: ಚಿತ್ರ, ಚಿತ್ರ, ಬಟನ್, ಹೆಸರಿಲ್ಲದ ಬಟನ್, ಚಿತ್ರ. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ.

ಕಳೆದ ವರ್ಷ ನಾನು ಪ್ರಥಮ ಪಿಯುಸಿಯಲ್ಲಿದ್ದಾಗ ಕಾಲೇಜಿನ ಸೂಚನೆಗಳ ಪುಟ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಒಂದು ವಿದ್ಯಾರ್ಥಿವೇತನದ ಸೂಚನೆಯನ್ನು ನಾನು ಸುಂದರವಾದ ಪೋಸ್ಟರ್ ಮಾಡಿ ಹಾಕಿದ್ದೆ. ತಿಳಿ ಹಸಿರು ಹಿನ್ನೆಲೆ, ಚಿನ್ನದ ಬಣ್ಣದ ಅಕ್ಷರ. ಎಲ್ಲರೂ ಹೊಗಳಿದರು. ನಮ್ಮ ಕಲಾ ವಿಭಾಗದಲ್ಲಿ ದೃಷ್ಟಿಯಿಲ್ಲದ ಗೆಳತಿಯೊಬ್ಬಳಿದ್ದಾಳೆ. ಕೊನೆಯ ದಿನಾಂಕದ ಹಿಂದಿನ ಸಂಜೆ ಅವಳು ಬಂದು, “ಎಂತ ಬರೆದಿದ್ದೀ ಅದರಲ್ಲಿ? ನನ್ನ ಮೊಬೈಲ್ ಚಿತ್ರ ಅಂತ ಮಾತ್ರ ಹೇಳ್ತದೆ” ಎಂದು ಕೇಳಿದಳು. ನಾನು ಓದಿ ಹೇಳಿದೆ. ಅರ್ಜಿಗೆ ಹೊಸ ಆದಾಯ ಪ್ರಮಾಣಪತ್ರ ಬೇಕಿತ್ತು, ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಆ ವರ್ಷದ ವಿದ್ಯಾರ್ಥಿವೇತನ ಅವಳಿಗೆ ತಪ್ಪಿತು. ಅವಳು ದೂರಲಿಲ್ಲ. ನಾನೂ ಪಾಪ, ತಡವಾಯಿತು ಎಂದುಕೊಂಡು ಮರೆತಿದ್ದೆ. ತಡವಾದದ್ದು ನನ್ನಿಂದ ಎಂದು ಆ ಕತ್ತಲೆ ಸಭಾಂಗಣದಲ್ಲಿ ತಿಳಿಯಿತು.

ಪೋಸ್ಟರಿನಲ್ಲಿ ನಮಗೆ ಕಾಣುವುದು ಅಕ್ಷರ. ಯಂತ್ರಕ್ಕೆ ಅದು ಬಣ್ಣದ ಚುಕ್ಕೆಗಳ ರಾಶಿ ಮಾತ್ರ. ಓದಲು ಅದಕ್ಕೆ ನಿಜವಾದ ಅಕ್ಷರ ಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಓಣಿ ಇದೆ. ‘ಕನ್ನಡ’ ಎಂದು ಬರೆದಾಗ ಕ, ನ, ಅರ್ಧ ಮಾಡುವ ಚಿಹ್ನೆ, ಮತ್ತೆ ನ, ಡ ಎಂಬ ಐದು ಸಂಕೇತಗಳು ಸಾಲಾಗಿ ಕೂರುತ್ತವೆ. ವೆಬ್‌ನಲ್ಲಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 15 ಬೈಟ್. ಅಷ್ಟಿದ್ದರೆ ಯಂತ್ರ ಓದಬಲ್ಲದು, ಹುಡುಕಬಲ್ಲದು, ಅನುವಾದಿಸಬಲ್ಲದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೂ ಗತಿ ಅದೇ. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಆ ಫಾಂಟ್ ಇಲ್ಲದ ಕಡೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಕಾಣುತ್ತದೆ. ನಮ್ಮ ಕಾಲೇಜಿನ ಎಷ್ಟೋ ಹಳೆಯ ಸುತ್ತೋಲೆಗಳು ಹಾಗೇ ಇವೆ. ಕಚೇರಿಯವರು ಯೂನಿಕೋಡ್‌ಗೆ ಪರಿವರ್ತಿಸಿ ಕೊಟ್ಟರೆ ದೊಡ್ಡ ಉಪಕಾರ.

ಚಿತ್ರ ಹಾಕಬಾರದೆಂದಲ್ಲ. ಎಚ್‌ಟಿಎಂಎಲ್‌ನಲ್ಲಿ ಪ್ರತಿ ಚಿತ್ರಕ್ಕೂ ‘ಆಲ್ಟ್’ ಎಂಬ ಜಾಗವಿದೆ. ಅಲ್ಲಿ ಬರೆದದ್ದನ್ನೇ ಟಾಕ್‌ಬ್ಯಾಕ್ ಓದುವುದು. ‘ಲ್ಯಾಂಗ್’ ಎಂಬ ಇನ್ನೊಂದು ಗುರುತು ಪುಟದ ಭಾಷೆ ಯಾವುದೆಂದು ಹೇಳುತ್ತದೆ. ಕನ್ನಡದ ಪುಟಕ್ಕೆ ಇಂಗ್ಲಿಷ್ ಎಂದು ಗುರುತು ಹಾಕಿದರೆ ಯಂತ್ರ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಡಬಹುದು. ನಮ್ಮ ಪುಟದ ಮೇಲೆ ಕಾಲೇಜಿನ ಹೆಸರು ಉರ್ದುವಿನಲ್ಲೂ ಇದೆ. ಅದಕ್ಕೆ ಬಲದಿಂದ ಎಡಕ್ಕೆ ಎಂಬ ದಿಕ್ಕಿನ ಗುರುತು ಹಾಕಿರಲಿಲ್ಲ, ಆದ್ದರಿಂದ ಕೊನೆಯ ಚುಕ್ಕೆ ತಪ್ಪು ತುದಿಗೆ ಹೋಗಿ ಕುಳಿತಿತ್ತು. ಉರ್ದು ಮೇಡಂ ಎರಡು ಸಲ ಹೇಳಿದ್ದರು, ನನಗೆ ಕಾರಣ ಗೊತ್ತಿರಲಿಲ್ಲ. ಇನ್ನು ಚಿನ್ನದ ಅಕ್ಷರದ ವಿಷಯ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ ಮಾನದಂಡ ಹೇಳುತ್ತದೆ. ನನ್ನ ಪೋಸ್ಟರ್ ಅದರ ಹತ್ತಿರವೂ ಇರಲಿಲ್ಲ. ಕಣ್ಣು ಚೆನ್ನಾಗಿರುವವರೂ ಬಿಸಿಲಿನಲ್ಲಿ ಓದಲಾರರು.

ಪ್ರಶ್ನೆಯ ಸಮಯದಲ್ಲಿ ಒಬ್ಬರು ಎದ್ದು, ಇದಕ್ಕೆಲ್ಲ ಗಿರಾಕಿ ಹಣ ಕೊಡುತ್ತಾರೆಯೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಭಾಷಣಕಾರರು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯನ್ನು ನೆನಪಿಸಿದರು. ಆದರೆ ಆಲ್ಟ್ ಬರೆಯಲು ಒಂದು ನಿಮಿಷವೂ ಬೇಡ, ಅದಕ್ಕೆ ಬಿಲ್ ಯಾಕೆ ಎಂದೂ ಸೇರಿಸಿದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಇಯರ್‌ಫೋನ್ ಹಾಕಿ, ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ನಮ್ಮದೇ ಪುಟ ತೆರೆದೆ. ಬಿ.ಸಿ. ರೋಡ್ ದಾಟುವವರೆಗೂ ಪರೀಕ್ಷಾ ವೇಳಾಪಟ್ಟಿ ಎಲ್ಲಿದೆ ಎಂದು ಸಿಗಲಿಲ್ಲ.

ಮರುವಾರ ಪುಟವನ್ನು ಮತ್ತೆ ಬರೆದೆ. ಎರಡು ಎಂಬಿ ಮೀರಿದ್ದ ಪೋಸ್ಟರಿನ ಜಾಗದಲ್ಲಿ ಈಗ ಕೆಲವೇ ಕೆಬಿಯ ಅಕ್ಷರಗಳಿವೆ. ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯಿಂದ ಬರುವವರಿಗೂ ಬೇಗ ತೆರೆಯುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರ ಹೆಚ್ಚಿಸಿದ್ದೇನೆ. ನೋಡಲು ಮೊದಲಿನಷ್ಟು ಚಂದವಿಲ್ಲ ಎಂದು ಇಬ್ಬರು ಹೇಳಿದ್ದಾರೆ.

ಈ ವರ್ಷದ ವಿದ್ಯಾರ್ಥಿವೇತನದ ಸೂಚನೆ ಹಾಕಿದ ದಿನ ಗೆಳತಿಯನ್ನು ಲೈಬ್ರರಿಗೆ ಕರೆದು ಪರೀಕ್ಷಿಸಲು ಹೇಳಿದೆ. ಅವಳು ನನಗೆ ಹಿಂಬಾಲಿಸಲೂ ಆಗದ ವೇಗದಲ್ಲಿ ಕೇಳಿಸಿಕೊಂಡು, “ಎಲ್ಲ ಸರಿ ಉಂಟು. ಆದ್ರೆ 10-08 ಅಂತ ಬರೆದದ್ದನ್ನು ಇದು ಬರೀ ಅಂಕಿ ಅಂತ ಓದ್ತದೆ. ತಾರೀಕು ಅಂತ ಹೇಗೆ ಗೊತ್ತಾಗ್ಬೇಕು?” ಎಂದಳು. ಅಲ್ಲೇ ಕುಳಿತು ‘ಆಗಸ್ಟ್ 10’ ಎಂದು ತಿದ್ದಿದೆ. ಅವಳು ಮರುದಿನವೇ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಳು.