ಬಾವಿಯೊಳಗೆ ಕಂಡ ಸಹ್ಯಾದ್ರಿ

“ಮಳಿ ನಿಂತು ಎರಡ ದಿನಾ ಆಗಿತ್ತು ಕಾಕಾ. ಚಲೋ ಬಿಸಲ ಬಿದ್ದಿತ್ತು. ಆದ್ರೂ ಗುಡ್ಡಾ ಏರಾಕ ಬಿಡ್ಲಿಲ್ಲ ನೋಡ್ರಿ.”

ಲೋಹಾರಾದಿಂದ ರಾತ್ರಿಯಿಡೀ ಜೀಪಿನಲ್ಲಿ ಕೂತು ಸಹ್ಯಾದ್ರಿಯ ಒಂದು ಕೋಟೆಯ ಬುಡದ ತನಕ ಹೋಗಿ, ಅಡ್ಡ ಕಟ್ಟಿದ ಹಗ್ಗ ನೋಡಿ ಹಾಗೇ ಮರಳಿ ಬಂದ ನಮ್ಮ ಓಣಿಯ ಹುಡುಗನ ಸಿಟ್ಟಿದು. ನಾವು ಕೂತದ್ದು ಹೊಲದ ಬಾವಿಯ ದಂಡೆಯ ಮೇಲೆ. ಉತ್ತರ ಅಲ್ಲೇ ಕಾಲ ಕೆಳಗಿತ್ತು. “ಒಳಗ ಬಗ್ಗಿ ನೋಡು” ಅಂದೆ.

ಲೋಹಾರಾ, ಉಮರ್ಗಾ, ನಿಲಂಗಾ ಕಡೆಯವರಿಗೆ ಗುಡ್ಡವೆಂದರೆ ಬಾಲಾಘಾಟದ ಬೋಳು ದಿಬ್ಬಗಳೇ. ಆದರೆ ಇಲ್ಲಿ ಯಾವ ಬಾವಿಗೆ ಇಳಿದರೂ ಸಹ್ಯಾದ್ರಿಯ ಕಲ್ಲು ಕೈಗೆ ಸಿಗುತ್ತದೆ. ಮೇಲೆ ಎರೆಮಣ್ಣು, ಅದರಡಿ ಮೊರಂ, ಆಮೇಲೆ ಸುತ್ತಿಗೆಗೂ ಜಗ್ಗದ ಕರಿಕಲ್ಲು. ಕೆಲವು ಬಾವಿಗಳಲ್ಲಿ ಎರಡು ಕರಿಕಲ್ಲಿನ ಪದರಗಳ ನಡುವೆ ಗೇಣುದ್ದ ಕೆಂಪು ಪಟ್ಟಿಯೊಂದು ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಸಲಸಲಕ್ಕೂ ಹರಿದು, ಒಂದರ ಮೇಲೊಂದು ಹೆಪ್ಪುಗಟ್ಟಿದ್ದರ ಗುರುತು ಇದು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಾಗ ಮೇಲಿನ ಕಲ್ಲು ಮಳೆಗಾಳಿಗೆ ಸವೆದು ಮಣ್ಣಾಗುತ್ತಿತ್ತು. ಮುಂದಿನ ಲಾವಾ ಬಂದು ಆ ಮಣ್ಣನ್ನು ಸುಟ್ಟು ಮುಚ್ಚುತ್ತಿತ್ತು. 1993ರ ಭೂಕಂಪದ ಬಳಿಕ ಪಕ್ಕದ ಕಿಲ್ಲಾರಿಯಲ್ಲಿ ವಿಜ್ಞಾನಿಗಳು 617 ಮೀಟರ್ ಆಳದ ರಂಧ್ರ ಕೊರೆದಾಗ, ಈ ಕರಿಕಲ್ಲಿನ ಹೊದಿಕೆ ಅಲ್ಲಿ 338 ಮೀಟರ್ ದಪ್ಪವಿದೆ ಎಂದು ತಿಳಿಯಿತು. ಪಶ್ಚಿಮಕ್ಕೆ ಹೋದಂತೆ ಅದು ಇನ್ನೂ ದಪ್ಪ. ಮಹಾಬಲೇಶ್ವರದ ಕಡೆ ಹೊರಗೆ ಕಾಣುವ ಕಡಿದಾದ ಬದಿಗಳೇ ಸಾವಿರ ಮೀಟರ್ ದಾಟುತ್ತವೆ. ಭೂವಿಜ್ಞಾನಿಗಳು ಈ ಕರಿಕಲ್ಲಿನ ಹೊದಿಕೆಯನ್ನು ‘ದಖನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಸ್ವೀಡನ್ನಿನ ಮಾತಿನಿಂದ ಬಂದದ್ದು. ಅಲ್ಲಿ ಅದಕ್ಕೆ ಮೆಟ್ಟಿಲು ಎಂದರ್ಥ. ಮೆಟ್ಟಿಲಿನಂತಿರುವ ಗುಡ್ಡಕ್ಕೆ ಒಪ್ಪುವ ಹೆಸರು.

ಹುಡುಗ ನೋಡಿದ್ದು ಬಾವಿಯ ಗೋಡೆಯನ್ನು. ಎರಡು ದಿನದಿಂದ ಹನಿ ಮಳೆ ಇಲ್ಲ, ಆದರೂ ಕೆಂಪು ಪಟ್ಟಿಯ ಮೇಲಂಚಿನಿಂದ ನೀರು ಜಿನುಗುತ್ತಲೇ ಇತ್ತು. ಕರಿಕಲ್ಲಿನ ಬಿರುಕುಗಳಲ್ಲಿ ಸುಲಭವಾಗಿ ಇಳಿದ ನೀರು ಜಿಗುಟಾದ ಕೆಂಪು ಪದರಕ್ಕೆ ಬಂದು ತಡೆದು, ಅಡ್ಡಡ್ಡ ಹರಿಯುತ್ತದೆ. ಬಾವಿಯಲ್ಲಾದರೆ ಅದು ಸೆಲೆ, ಬಂಗಾರ. ಗುಡ್ಡದ ಬದಿಯಲ್ಲಾದರೆ ಅದೇ ನೀರು ಮೇಲಿನ ಮಣ್ಣನ್ನು ಒಳಗಿನಿಂದ ನೆನೆಸುತ್ತದೆ.

ನೆನೆದರೆ ಏನಾಗುತ್ತದೆ? ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟುವುದನ್ನು ನೆನಪಿಸಿಕೊಳ್ಳಿ. ಒಣ ಮರಳು ನಿಲ್ಲದು. ಸ್ವಲ್ಪ ನೀರು ಚಿಮುಕಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಕೊಡ ಸುರಿದರೆ ಕುಸಿಯುತ್ತದೆ. ಕಣಗಳ ನಡುವೆ ಗಾಳಿಯೂ ಒಂದಿಷ್ಟು ನೀರೂ ಇದ್ದಾಗ ನೀರು ಅವನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಸಂದಿಯೆಲ್ಲ ತುಂಬಿತೆಂದರೆ ಅದೇ ನೀರು ಕಣಗಳನ್ನು ದೂರ ತಳ್ಳುತ್ತದೆ. ಆಗ ಮಣ್ಣಿನ ಭಾರದ ಒಂದು ಪಾಲನ್ನು ನೀರು ಹೊರುತ್ತದೆ, ಕಣಕ್ಕೂ ಕಣಕ್ಕೂ ನಡುವಿನ ಹಿಡಿತ ಅಷ್ಟರಮಟ್ಟಿಗೆ ಸಡಿಲಾಗುತ್ತದೆ. 1920ರ ದಶಕದಲ್ಲಿ ಇಂಜಿನಿಯರ್ ಕಾರ್ಲ್ ಟೆರ್ಜಾಗಿ ಈ ಲೆಕ್ಕ ಹಾಕಿಕೊಟ್ಟ ಮೇಲೇ ಮಣ್ಣಿನ ಬಲವಿಜ್ಞಾನ ತನ್ನ ಕಾಲ ಮೇಲೆ ನಿಂತಿತು. ಬಿಸಿಲು ಬಿದ್ದರೆ ಆರುವುದು ಮೇಲಿನ ನಾಲ್ಕು ಬೆರಳು ಮಣ್ಣು ಮಾತ್ರ. ಒಳಗಿನ ಒತ್ತಡ ಇಳಿಯುವುದು ಬಾವಿಯ ಜಿನುಗಿನ ಲೆಕ್ಕದಲ್ಲಿ, ನಿಧಾನಕ್ಕೆ.

ಎಷ್ಟು ಮಳೆಗೆ ಗುಡ್ಡ ಜಾರೀತು? 1980ರಲ್ಲಿ ಭೂರೂಪ ವಿಜ್ಞಾನಿ ನೆಲ್ ಕೇನ್ ಜಗತ್ತಿನ ಹಲವೆಡೆಯ 73 ಕುಸಿತಗಳನ್ನು ಒಟ್ಟಿಗಿಟ್ಟು ನೋಡಿದರು. ಅವರ ಸೂತ್ರದಂತೆ ಒಂದು ದಿನದಲ್ಲಿ ಸುಮಾರು 100 ಮಿ.ಮೀ. ಬಿದ್ದರೆ ಅಪಾಯದ ಗೆರೆ ಮುಟ್ಟಿದಂತೆ. 2021ರ ಜುಲೈ 22ರಿಂದ 23ರ ಬೆಳಗಿನವರೆಗೆ ಮಹಾಬಲೇಶ್ವರದಲ್ಲಿ ಬಿದ್ದದ್ದು 594 ಮಿ.ಮೀ. ನಮ್ಮ ಲೋಹಾರಾ ಕಡೆ ವರ್ಷವಿಡೀ ಬೀಳುವುದು 700–800! ಹಾಗೆಂದು ಕೇನರ ಗೆರೆ ಎಲ್ಲ ಗುಡ್ಡಕ್ಕೂ ಒಂದೇ ಅಲ್ಲ. ನಿತ್ಯ ಮಳೆ ಕಂಡ ಇಳಿಜಾರು ಹೆಚ್ಚು ತಾಳುತ್ತದೆ, ಹೊಸದಾಗಿ ಕಡಿದು ಸಪಾಟು ಮಾಡಿದ ಇಳಿಜಾರು ಕಡಿಮೆಗೇ ಸೋಲುತ್ತದೆ.

2024ರ ಜುಲೈ 7ರಂದು ರಾಯಗಡದ ಮೇಲೆ ಸುರಿದ ಮಳೆಗೆ ಕೋಟೆಯ ಮೆಟ್ಟಿಲುಗಳೇ ಹಳ್ಳವಾಗಿ ಹರಿದವು; ಏರಿದವರು ಗೋಡೆ ಹಿಡಿದು ನಿಲ್ಲಬೇಕಾಯಿತು. ಜಿಲ್ಲಾಡಳಿತ ನಡೆದು ಏರುವ ದಾರಿಯನ್ನು ಜುಲೈ 31ರವರೆಗೆ ಮುಚ್ಚಿತು. ಒಂದು ದಿನದ ಮಳೆಗೆ ಮೂರು ವಾರದ ಬಾಗಿಲು ಎಂದು ಗೊಣಗಿದವರಿದ್ದರು. ನನಗದು ಅತಿ ಅನಿಸಲಿಲ್ಲ. ಅದಕ್ಕೂ ಒಂದು ವರ್ಷದ ಹಿಂದೆ, 2023ರ ಜುಲೈ 19ರ ರಾತ್ರಿ, ಚಾರಣಿಗರಿಗೆ ಚಿರಪರಿಚಿತವಾದ ಇರ್ಶಾಳಗಡದ ಮಗ್ಗುಲಿನ ಇರ್ಶಾಳವಾಡಿ ಮಣ್ಣಿನಡಿ ಹೋಯಿತು. 27 ಶವ ಸಿಕ್ಕವು, 57 ಮಂದಿ ಸಿಗಲೇ ಇಲ್ಲ. ಕುಸಿತದ ಭಯವಿರುವ ಊರುಗಳ ಪಟ್ಟಿಯಲ್ಲಿ ಆ ವಾಡಿಯ ಹೆಸರೇ ಇರಲಿಲ್ಲ.

ಗುಡ್ಡ ಜಾರದಿದ್ದರೂ ದಾರಿ ಕೆಡುತ್ತದೆ. ಸಾವಿರ ಕಾಲು ತುಳಿದ ಕಡೆ ಮಣ್ಣು ಅಡಕವಾಗಿ ನೀರು ಕುಡಿಯುವುದಿಲ್ಲ, ಕಾಲುದಾರಿಯೇ ಕಾಲುವೆಯಾಗುತ್ತದೆ. ರಾಡಿ ತಪ್ಪಿಸಲು ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ಮೊಳದ ದಾರಿ ಮಾರಾಗುತ್ತದೆ. ಗಾಳಿಗೆ ಮರ ಬುಡಮೇಲಾದರೆ ಬೇರು ಹಿಡಿದಿದ್ದ ಮಣ್ಣೂ ಮೇಲೆದ್ದು, ಉಳಿದ ಗುಂಡಿಯಲ್ಲಿ ನೀರು ನಿಂತು ಕೆಳಕ್ಕೆ ಇಂಗುತ್ತದೆ. ಮದ್ದು ನಮ್ಮ ರೈತರಿಗೆ ಗೊತ್ತಿದ್ದದ್ದೇ: ಇಳಿಜಾರಿನ ಹೊಲಕ್ಕೆ ಒಡ್ಡು ಹಾಕುವಂತೆ, ದಾರಿಗೆ ಓರೆಯಾಗಿ ಕಲ್ಲು ಹೂಳಿ, ನೀರು ವೇಗ ಹಿಡಿಯುವ ಮೊದಲೇ ಪಕ್ಕಕ್ಕೆ ತಿರುಗಿಸುವುದು. ಆದರೆ ಹಸಿ ಮಣ್ಣಿನಲ್ಲಿ ಆ ಕಲ್ಲು ಕೂರದು. ದಾರಿ ಮುಚ್ಚಿಡುವ ದಿನಗಳಲ್ಲಿ ಕೆಲವು ಈ ಕಾಯುವಿಕೆಗೇ ಹೋಗುತ್ತವೆ.

ತೆರೆದ ಮೇಲೂ ಕಣ್ಣಿಡಬೇಕಾದ ಗುರುತುಗಳಿವೆ. ಇಳಿಜಾರಿನ ಮೇಲೆ ಕುಡುಗೋಲಿನಂತೆ ಬಾಗಿದ ಹೊಸ ಬಿರುಕು, ಮೊನ್ನೆಯವರೆಗೂ ನೆಟ್ಟಗಿದ್ದು ಈಗ ವಾಲಿದ ಮರ, ತಿಳಿಯಾಗಿದ್ದು ಒಮ್ಮೆಗೇ ರಾಡಿಯಾದ ಝರಿ. ಕೊನೆಯದು ಬಾವಿ ತೋಡುವವರಿಗೂ ಗೊತ್ತು. ಸೆಲೆಯ ನೀರು ಕೆಂಪಗಾಯಿತೆಂದರೆ ಅವರು ಬುಟ್ಟಿ ಬಿಟ್ಟು ಮೇಲೆ ಬರುತ್ತಾರೆ.

ಹುಡುಗ ಬಾವಿಯ ಮೆಟ್ಟಿಲಿಳಿದು ಕೆಂಪು ಪಟ್ಟಿಗೆ ಬೆರಳೊತ್ತಿದ. ಬೆಣ್ಣೆಯಂತೆ ಒಳಹೋಯಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, “ಮತ್ತ ಯಾವಾಗ ಹೋಗ್ಲಿ ಕಾಕಾ?” ಅಂದ.

“ದೀಪಾವಳಿ ಆಗ್ಲಿ. ಆಗ ಇಲ್ಲೇ ಬಂದು ಇನ್ನೊಮ್ಮಿ ಬೆರಳ ಒತ್ತಿ ನೋಡು.”